ಆಳೆತ್ತರದ ಹಕ್ಕು

ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಗಾಗಿ ಜಾಕ್ ಲೂಯಿ ದಾವಿದ್ ಒಂದು ಚಿತ್ರ ಬರೆದುಕೊಡಬೇಕಿತ್ತು. ಅವನಿಗೆ ಹೇಳಿದ್ದ ಅಳತೆ ಹತ್ತಡಿಗೆ ಹತ್ತಡಿ. ದಾವಿದ್ ರೋಮಿಗೆ ಹೋಗಿ 1784ರಲ್ಲಿ ಬರೆದು ಮುಗಿಸಿದ್ದು ಹತ್ತಡಿ ಎತ್ತರ, ಹದಿಮೂರಡಿ ಅಗಲದ ಚಿತ್ರ. ಆಗಿನ ಫ್ರೆಂಚ್ ಅಡಿ ನಮ್ಮ ಅಡಿಗಿಂತ ತುಸು ದೊಡ್ಡದು. ನಮ್ಮ ಟೇಪು ಹಿಡಿದರೆ ಸುಮಾರು ಹನ್ನೊಂದಡಿ ಎತ್ತರ, ಹದಿನಾಲ್ಕಡಿ ಅಗಲ ಆಗುತ್ತದೆ. ದೊರೆಯ ಕಡೆಯವರು ಕೊಟ್ಟ ಅಳತೆಯನ್ನು ಮೀರುವುದು ಸಣ್ಣ ಮಾತಲ್ಲ. ಬಟ್ಟೆ, ಬಣ್ಣ, ಚೌಕಟ್ಟು, ಸಾಗಣೆ ಎಲ್ಲದರ ಖರ್ಚೂ ಏರುತ್ತದೆ. ದಾವಿದ್ ಅದಕ್ಕೆ ಹಿಂಜರಿಯಲಿಲ್ಲ. ಆ ಬಟ್ಟೆಯ ಮೇಲೆ ಪ್ರಾಚೀನ ರೋಮಿನ ವೀರರು ಕೈಚಾಚಿ ನಿಲ್ಲಬೇಕಿತ್ತು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನಮ್ಮ ಅಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ದರ್ಬಾರಿನ ಪರದೆ, ಕಾಡಿನ ಪರದೆ, ಬೀದಿಯ ಪರದೆ. ಹಾಗಾಗಿ ಚಿತ್ರ ಎಂದರೆ ನನಗೆ ಮೊದಲು ಹೊಳೆಯುವುದು ಅಳತೆ, ಆಮೇಲೆ ಬಣ್ಣ. ಯುರೋಪಿನ ಚಿತ್ರಕಲೆಯ ಇತಿಹಾಸ ಹೇಳುವಾಗ ನಮ್ಮಲ್ಲಿ ನಿಯೋಕ್ಲಾಸಿಸಂ, ರೊಮ್ಯಾಂಟಿಸಿಸಂ, ರಿಯಲಿಸಂ ಎಂದು ಮೂರು ಕೋಣೆ ಕಟ್ಟುತ್ತೇವೆ. ಮೊದಲನೆಯದರಲ್ಲಿ ಗೆರೆ ಮತ್ತು ಶಿಸ್ತು, ಎರಡನೆಯದರಲ್ಲಿ ಬಣ್ಣ ಮತ್ತು ಆವೇಶ, ಮೂರನೆಯದರಲ್ಲಿ ಇದ್ದದ್ದು ಇದ್ದ ಹಾಗೆ. ನಾನೂ ವರ್ಷಗಟ್ಟಲೆ ಹೀಗೇ ನೋಟ್ಸು ಬರೆಸಿದ್ದೇನೆ, ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ 1785ರಿಂದ 1855ರವರೆಗಿನ ಎಪ್ಪತ್ತು ವರ್ಷ ಪ್ಯಾರಿಸಿನ ಚಿತ್ರಕಾರರು ಯಾವುದಕ್ಕಾಗಿ ಅಷ್ಟು ಜಗಳವಾಡಿದರು ಎಂಬುದು ಆ ನೋಟ್ಸಿನಿಂದ ತಿಳಿಯುವುದಿಲ್ಲ. ಕ್ಯಾನ್ವಾಸಿನ ಮೇಲೆ ಆಳೆತ್ತರವಾಗಿ ನಿಲ್ಲುವ ಹಕ್ಕು ಯಾರದು ಎಂಬುದೇ ಆ ಜಗಳದ ಬೇರು ಎಂದು ನಾನು ನಂಬಿದ್ದೇನೆ.

ಹಕ್ಕು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಫ್ರಾನ್ಸಿನ ರಾಜಾಶ್ರಯದ ಚಿತ್ರಕಲಾ ಅಕಾಡೆಮಿ 1648ರಲ್ಲಿ ಹುಟ್ಟಿತು. 1667ರಲ್ಲಿ ಆಂದ್ರೆ ಫೆಲಿಬಿಯಾಂ ಎಂಬ ವಿದ್ವಾಂಸ ಅಲ್ಲಿನ ಉಪನ್ಯಾಸಗಳಿಗೆ ಮುನ್ನುಡಿ ಬರೆಯುತ್ತ ಚಿತ್ರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ. ತೀರ ಕೆಳಗೆ ಹಣ್ಣು, ಹೂ, ಪಾತ್ರೆಗಳ ಚಿತ್ರ. ಅದರ ಮೇಲೆ ನಿಸರ್ಗ, ಪ್ರಾಣಿ, ಭಾವಚಿತ್ರ. ಎಲ್ಲಕ್ಕಿಂತ ಮೇಲೆ ಇತಿಹಾಸ, ಪುರಾಣ, ಬೈಬಲ್ಲಿನ ಮಹಾಪ್ರಸಂಗಗಳು. ಅಡಿಗೆಮನೆಯ ಹೆಂಗಸನ್ನೋ ಹೋಟೆಲಿನಲ್ಲಿ ಇಸ್ಪೀಟಾಡುವ ರೈತನನ್ನೋ ಬರೆಯಬಾರದು ಎಂದೇನೂ ಇರಲಿಲ್ಲ. ಬರೆದರೆ ಗೋಡೆಯ ಮೂಲೆಗೆ ಹಿಡಿಸುವಷ್ಟು ಚಿಕ್ಕದಾಗಿ ಬರೆಯಬೇಕು, ಅಷ್ಟೆ. ಹತ್ತಡಿ, ಇಪ್ಪತ್ತಡಿ ಬಟ್ಟೆ ದೇವರಿಗೆ, ದೊರೆಗೆ, ವೀರರಿಗೆ ಮೀಸಲು. ಲೂವ್ರ್ ಅರಮನೆಯ ಸಲೋನ್ ಕಾರ್ರೆ ಎಂಬ ಹಜಾರದಲ್ಲಿ 1737ರಿಂದ ನಿಯತವಾಗಿ ನಡೆಯತೊಡಗಿದ ಪ್ರದರ್ಶನಕ್ಕೆ ಸಲೋನ್ ಎಂದೇ ಹೆಸರಾಯಿತು. ಅಲ್ಲಿ ಚಿತ್ರಗಳನ್ನು ನೆಲದಿಂದ ಸೂರಿನವರೆಗೆ ಚೌಕಟ್ಟಿಗೆ ಚೌಕಟ್ಟು ತಾಗಿಸಿ ತೂಗುಹಾಕುತ್ತಿದ್ದರು. ಆ ಗದ್ದಲದಲ್ಲಿ ಜನರ ಕಣ್ಣು ಮೊದಲು ಹೋಗುತ್ತಿದ್ದುದು ದೊಡ್ಡ ಚಿತ್ರಗಳ ಮೇಲೆ.

ದೊರೆಗಾಗಿ ದಾವಿದ್ ಬರೆದ ಆ ಚಿತ್ರ, 'ಹೊರೇಷಿ ಸೋದರರ ಪ್ರತಿಜ್ಞೆ', 1785ರ ಸಲೋನಿನಲ್ಲಿ ತೂಗಿತು. ಮಕ್ಕಳಿಗೆ ಈ ಚಿತ್ರ ತೋರಿಸುವಾಗ ಮೊದಲು ಕಮಾನುಗಳನ್ನು ಎಣಿಸಲು ಹೇಳುತ್ತಿದ್ದೆ. ಹಿಂದೆ ಮೂರು ಕಮಾನು, ಎಡಗಡೆ ಮೂವರು ಅಣ್ಣತಮ್ಮಂದಿರು, ನಡುವೆ ಅಪ್ಪನ ಕೈಯಲ್ಲಿ ಮೂರು ಕತ್ತಿ. ಗಂಡಸರ ಕೈಕಾಲೆಲ್ಲ ಬಿಗಿದ ಸರಳುಗಳು. ಬಲಗಡೆ ಹೆಂಗಸರು ಒಬ್ಬರ ಮೇಲೊಬ್ಬರು ಒರಗಿ ಕುಸಿದಿದ್ದಾರೆ. ಅವರಲ್ಲಿ ಒಬ್ಬಳು ಶತ್ರುಮನೆಯಿಂದ ಬಂದ ಸೊಸೆ, ಇನ್ನೊಬ್ಬಳು ಶತ್ರುಮನೆಗೆ ನಿಶ್ಚಯವಾದ ಮಗಳು. ಯಾರು ಗೆದ್ದರೂ ಅವರಿಗೆ ಸೂತಕ ತಪ್ಪಿದ್ದಲ್ಲ. ಆಗತಾನೇ ಹರ್ಕ್ಯುಲೇನಿಯಂ ಮತ್ತು ಪಾಂಪೆಯ ಅಗೆತದಲ್ಲಿ ಹಳೆಯ ಊರುಗಳು ಮಣ್ಣಿನಿಂದ ಮೇಲೆದ್ದಿದ್ದವು. ಯುರೋಪಿನ ಓದುಬಲ್ಲವರೆಲ್ಲ ಗ್ರೀಕರ ರೋಮನರ ಗುಂಗಿನಲ್ಲಿದ್ದರು. ಹೊಳೆಯುವ ರೇಷ್ಮೆ, ಉಯ್ಯಾಲೆ, ಗುಲಾಬಿ ಕೆನ್ನೆಗಳ ಅರಮನೆ ಚಿತ್ರಗಳಿಂದ ಬೇಸತ್ತಿದ್ದ ಕಣ್ಣಿಗೆ ಈ ಬರಿ ಕಲ್ಲಿನ ಕೋಣೆ ಹಿತವಾಯಿತು. ದೇಶಕ್ಕಾಗಿ ಮನೆಯನ್ನು ಬಲಿಕೊಡು ಎಂದು ಹೇಳುವ ಆ ಚಿತ್ರಕ್ಕೆ ಹಣ ಕೊಟ್ಟವನು ದೊರೆ. ಎಂಟು ವರ್ಷ ಕಳೆಯುವುದರೊಳಗೆ, 1793ರ ಜನವರಿಯಲ್ಲಿ, ಅದೇ ದೊರೆಯ ತಲೆ ತೆಗೆಯಬೇಕೆಂದು ಮತ ಹಾಕಿದವರಲ್ಲಿ ದಾವಿದ್ ಒಬ್ಬ. ಆಗ ಅವನು ಕ್ರಾಂತಿಯ ಸಂಸತ್ತಿನ ಸದಸ್ಯ.

ಅದೇ ವರ್ಷ ಜುಲೈ 13ರಂದು ಪತ್ರಕರ್ತ ಮಾರಾನನ್ನು ಶಾರ್ಲೊಟ್ ಕೋರ್ದೆ ಎಂಬ ಹೆಣ್ಣುಮಗಳು ಅವನ ಸ್ನಾನದ ತೊಟ್ಟಿಯಲ್ಲೇ ಇರಿದಳು. ಚರ್ಮರೋಗದ ಉರಿ ತಾಳದೆ ಅವನು ತೊಟ್ಟಿಯಲ್ಲೇ ಕೂತು ಕೆಲಸ ಮಾಡುತ್ತಿದ್ದ. ಗೆಳೆಯ ದಾವಿದ್ ಕೆಲವೇ ತಿಂಗಳಲ್ಲಿ ಆ ಸಾವನ್ನು ಬರೆದ. ಐದೂವರೆ ಅಡಿ ಎತ್ತರದ ಆ ಚಿತ್ರದ ಮೇಲರ್ಧ ಪೂರ್ತಿ ಖಾಲಿ, ಕಂದುಗಪ್ಪು ಗೋಡೆ ಮಾತ್ರ. ಕೆಳಗೆ ಒರಗಿದ ತಲೆ, ಜೋತುಬಿದ್ದ ಕೈ, ಕೈಯಲ್ಲಿ ಇನ್ನೂ ಬಿಡದ ಲೇಖನಿ. ಪಕ್ಕದಲ್ಲಿ ಮೇಜಿನ ಬದಲು ಒಂದು ಒರಟು ಮರದ ಪೆಟ್ಟಿಗೆ, ಅದರ ಮೇಲೆ 'ಮಾರಾನಿಗೆ, ದಾವಿದ್' ಎಂಬ ಬರಹ. ಶಿಲುಬೆಯಿಂದಿಳಿಸಿದ ಏಸುವಿಗೆ ಸಲ್ಲುತ್ತಿದ್ದ ಭಂಗಿಯನ್ನು ಆತ ನಿನ್ನೆ ಮೊನ್ನೆ ಸತ್ತ ರೋಗಿಷ್ಠ ಪತ್ರಕರ್ತನಿಗೆ ಕೊಟ್ಟಿದ್ದಾನೆ. ನಿಯೋಕ್ಲಾಸಿಸಂ ಎಂದರೆ ಬರೀ ಹಳೆಯ ರೋಮು ಎಂದು ಬರೆಯುವ ಹುಡುಗರಿಗೆ ಈ ಚಿತ್ರ ತೋರಿಸಬೇಕು. ಮುಂದಿನವರು ದೂಡಿ ತೆರೆದ ಬಾಗಿಲಿನ ಅಗುಳಿಯನ್ನು ದಾವಿದ್ ತಾನೇ ಸಡಿಲಿಸಿದ್ದ.

ಆಮೇಲೆ ನೆಪೋಲಿಯನ್ ಬಂದ. ದಾವಿದ್ ಅವನ ಪಟ್ಟಾಭಿಷೇಕವನ್ನು ಇಪ್ಪತ್ತಡಿ ಎತ್ತರ, ಮೂವತ್ತೆರಡಡಿ ಅಗಲದಲ್ಲಿ ಬರೆದುಕೊಟ್ಟ. ಸಮಾರಂಭಕ್ಕೆ ಬಾರದ ನೆಪೋಲಿಯನ್ನನ ತಾಯಿಯೂ ಆ ಚಿತ್ರದಲ್ಲಿ ಗದ್ದುಗೆಯ ಮೇಲೆ ಕೂತಿದ್ದಾಳೆ. ಅದ್ಭುತ ಕೈಕೆಲಸ, ಅನುಮಾನವಿಲ್ಲ. ನನಗೆ ಮಾತ್ರ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕೆನಿಸುವುದಿಲ್ಲ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿಯೂ ಗೆದ್ದವರ ಚಿತ್ರಗಳು ದೊಡ್ಡದಾಗುತ್ತಿದ್ದವು, ಮತ್ತು ಅಲ್ಲಿ ನಮ್ಮ ಊರೇ ಬರುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ ಕೋಟೆಗೆ ಲಗ್ಗೆಯಿಟ್ಟ ದೃಶ್ಯವನ್ನು ನೂರಿಪ್ಪತ್ತಡಿ ಉದ್ದಕ್ಕೆ ಬರೆದು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಜನ ಮುಗಿಬಿದ್ದು ನೋಡಿದರು. ನಲವತ್ತು ವರ್ಷದ ನಂತರವೂ ಆ ಹಸಿವು ಇಂಗಿರಲಿಲ್ಲ. ಆ ಲಗ್ಗೆಯ ಮುಂದಾಳು ಜನರಲ್ ಬೇರ್ಡನ ವಿಧವೆಗಾಗಿ ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಚಿತ್ರ ಸುಮಾರು ಹನ್ನೊಂದೂವರೆ ಅಡಿ ಎತ್ತರದ್ದು. ಅದರಲ್ಲಿ ಬೇರ್ಡ್ ತಲೆಯೆತ್ತಿ ನಿಂತಿದ್ದಾನೆ, ಟಿಪ್ಪುವಿನ ದೇಹ ಅವನ ಕಾಲ ಬಳಿ ಬಿದ್ದಿದೆ. ನಮ್ಮ ದೊರೆಗೂ ಆಳೆತ್ತರ ಸಿಕ್ಕಿತು, ಅಂಗಾತ ಮಲಗಿದ ಹೆಣದ ಆಳೆತ್ತರ. ದೊಡ್ಡ ಚಿತ್ರದ ರಾಜಕೀಯ ಎಂದರೇನು ಎಂದು ಕನ್ನಡದ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಚಿತ್ರಕಾರ ಜೆರಿಕೋನ ವಿಷಯ. ಇಲ್ಲಿ ನಾನು ನಿಧಾನ ಮಾಡುತ್ತೇನೆ.

1816ರ ಜುಲೈ 2ರಂದು 'ಮೆದೂಸಾ' ಎಂಬ ಫ್ರೆಂಚ್ ಸರ್ಕಾರಿ ಹಡಗು ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಕಪ್ತಾನ ಶೋಮರೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಡಲಿಗಿಳಿದವನಲ್ಲ. ದೊರೆಮನೆಯ ನಿಷ್ಠ ಎಂಬ ಕಾರಣಕ್ಕೆ ಹುದ್ದೆ ಸಿಕ್ಕಿತ್ತು. ದೋಣಿಗಳು ಸಾಲಲಿಲ್ಲ. ದೊಡ್ಡವರು ದೋಣಿ ಹತ್ತಿದರು, ಉಳಿದ 147 ಜನರನ್ನು ಹಡಗಿನ ಮರದಿಂದ ಹೊಸೆದ ತೆಪ್ಪಕ್ಕೆ ತುಂಬಿದರು. ದೋಣಿಗಳು ತೆಪ್ಪವನ್ನು ಎಳೆದೊಯ್ಯಬೇಕಿತ್ತು. ಸ್ವಲ್ಪ ದೂರಕ್ಕೇ ಹಗ್ಗ ಬಿಟ್ಟುಹೋದರು. ಹದಿಮೂರು ದಿನ ಆ ತೆಪ್ಪದಲ್ಲಿ ನಡೆದದ್ದು ಹೇಳಬಾರದ್ದು. ನೀರಡಿಕೆ, ಬಡಿದಾಟ, ಕೊನೆಗೆ ಸತ್ತವರ ಮಾಂಸ. 'ಆರ್ಗುಸ್' ಹಡಗು ಕಂಡಾಗ ಉಸಿರಾಡುತ್ತಿದ್ದವರು ಹದಿನೈದು ಮಂದಿ. ಅವರಲ್ಲಿ ಇಬ್ಬರು, ವೈದ್ಯ ಸಾವಿನ್ಯಿ ಮತ್ತು ಎಂಜಿನಿಯರ್ ಕೊರೆಯಾರ್, 1817ರಲ್ಲಿ ನಡೆದದ್ದನ್ನೆಲ್ಲ ಪುಸ್ತಕ ಮಾಡಿದರು. ಸರ್ಕಾರಕ್ಕೆ ಮುಖ ತೋರಿಸಲಾಗದಂತಾಯಿತು.

ಥಿಯೊಡೋರ್ ಜೆರಿಕೋ ಇದನ್ನು ಬರೆಯಲು ಕೂತಾಗ ಅವನಿಗೆ ಇಪ್ಪತ್ತೇಳರ ಹರೆಯ. ಯಾರೂ ಆರ್ಡರು ಕೊಟ್ಟಿರಲಿಲ್ಲ. ಆ ಇಬ್ಬರನ್ನೂ ಕಂಡು ಮಾತಾಡಿದ. ಬದುಕಿ ಬಂದಿದ್ದ ಬಡಗಿಯಿಂದ ತೆಪ್ಪದ ಪುಟ್ಟ ಮಾದರಿ ಮಾಡಿಸಿಕೊಂಡ. ಬೋಜೋಂ ಆಸ್ಪತ್ರೆಯ ಹತ್ತಿರ ದೊಡ್ಡ ಕೋಣೆ ಹಿಡಿದು, ಸಾಯುತ್ತಿರುವವರ ಮುಖ ನೋಡಿ ಬರೆದುಕೊಂಡ, ಕತ್ತರಿಸಿದ ಕೈಕಾಲುಗಳನ್ನು ತಂದಿಟ್ಟುಕೊಂಡು ಬಣ್ಣ ಹೇಗೆ ಬದಲಾಗುತ್ತದೆ ಎಂದು ನೋಡಿದ. ಹೊರಗೆ ಹೋಗಬೇಕೆನಿಸದಿರಲಿ ಎಂದು ತಲೆ ಬೋಳಿಸಿಕೊಂಡ. ಸುಮಾರು ಎಂಟು ತಿಂಗಳಲ್ಲಿ ಹದಿನಾರಡಿ ಎತ್ತರ, ಇಪ್ಪತ್ತಮೂರೂವರೆ ಅಡಿ ಅಗಲದ ಚಿತ್ರ ಮುಗಿಯಿತು. ಚಿಕ್ಕ ನಕ್ಷೆಗೆ ಚೌಕದ ಮನೆ ಹಾಕಿ, ಅದೇ ಮನೆಗಳನ್ನು ಬಟ್ಟೆಯ ಮೇಲೆ ಹಿಗ್ಗಿಸಿ ಬರೆಯುವ ವಿದ್ಯೆಯನ್ನು ಅಪ್ಪನ ಪಕ್ಕದಲ್ಲಿ ನಿಂತು ಕಲಿತವನು ನಾನು. ಬಣ್ಣದ ಪುಡಿ ಹಚ್ಚಿದ ದಾರವನ್ನು ಇಬ್ಬರು ಎಳೆದುಹಿಡಿದು ಚಿಮ್ಮಿಸಿದರೆ ಗೆರೆ ಮೂಡುತ್ತದೆ. ಹತ್ತಿರ ನಿಂತು ಬರೆಯುವಾಗ ಕಾಣುವುದು ಒಂದು ಮೊಣಕೈಯೋ ಒಂದು ಬೆನ್ನೋ ಮಾತ್ರ. ಇಡೀ ದೇಹ ಕಾಣಬೇಕಾದರೆ ಕೋಣೆಯ ಆ ಕೊನೆಗೆ ಹೋಗಬೇಕು. ದಿನಕ್ಕೆ ಎಷ್ಟು ಸಲ ಹೋಗಿ ಬರಬೇಕು ಎಂಬುದು ಬರೆದವರ ಕಾಲಿಗೇ ಗೊತ್ತು. ಇಪ್ಪತ್ತಮೂರು ಅಡಿ ಬಟ್ಟೆಯನ್ನು ತನ್ನ ದುಡ್ಡಿನಲ್ಲಿ ಬಿಗಿದು, ಕೊಳ್ಳುವವರಿಲ್ಲ ಎಂದು ಗೊತ್ತಿದ್ದೂ ಎಂಟು ತಿಂಗಳು ಮುಂಡಿತ ತಲೆಯಲ್ಲಿ ಕೂತವನ ಛಲಕ್ಕೆ ನಾನು ಕೈಮುಗಿಯುತ್ತೇನೆ.

ಲೂವ್ರ್‌ನಲ್ಲಿ ಆ ಚಿತ್ರವನ್ನು ಕಣ್ಣಾರೆ ಕಂಡಿದ್ದೇನೆ. ಪುಸ್ತಕದಲ್ಲಿ ಕಾಣದ ಎರಡು ಸಂಗತಿ ಅಲ್ಲಿ ಕಂಡವು. ಒಂದು, ಕಪ್ಪು. ನೆರಳಿಗೆ ಆಳ ಬರಲೆಂದು ಜೆರಿಕೋ ಡಾಂಬರಿನ ಜಾತಿಯ ಬಿಟುಮೆನ್ ಬೆರೆಸಿದ. ಅದು ಸರಿಯಾಗಿ ಒಣಗುವುದೇ ಇಲ್ಲ. ವರ್ಷಗಳು ಹೋದಂತೆ ಕಪ್ಪಾಗಿ, ಸುಕ್ಕುಗಟ್ಟಿ, ಚಿತ್ರದ ಅರ್ಧವನ್ನು ನುಂಗಿದೆ. ಎರಡನೆಯದು, ದೇಹಗಳು. ಹದಿಮೂರು ದಿನ ಉಪವಾಸ ಬಿದ್ದವರ ಎದೆ ತೋಳುಗಳು ಗರಡಿಯಾಳುಗಳ ಹಾಗೆ ತುಂಬಿಕೊಂಡಿವೆ. ದಾವಿದ್‌ನ ಕಾಲದ ಗ್ರೀಕ್ ಶಿಲ್ಪದ ಪಾಠ ಜೆರಿಕೋನ ಕೈಬಿಟ್ಟಿರಲಿಲ್ಲ. ರೊಮ್ಯಾಂಟಿಕ್ ಎಂದು ನಾವು ಕೋಣೆ ಬದಲಿಸುವ ಚಿತ್ರದೊಳಗೆ ನಿಯೋಕ್ಲಾಸಿಕಲ್ ದೇಹಗಳೇ ಮಲಗಿವೆ. ಬದಲಾದದ್ದು ಆ ದೇಹಗಳ ಒಡೆಯರು. ಇವರು ಹೊರೇಷಿಗಳಲ್ಲ, ಸರ್ಕಾರ ಕೈಬಿಟ್ಟ ಸೈನಿಕರು, ನಾವಿಕರು, ಕೂಲಿಗಳು. ರಾಶಿಯ ತುತ್ತತುದಿಯಲ್ಲಿ ನಿಂತು ಬಟ್ಟೆ ಬೀಸುತ್ತಿರುವವನು ಕಪ್ಪು ಮನುಷ್ಯ. ಹೈಟಿಯಿಂದ ಬಂದಿದ್ದ ಜೋಸೆಫ್ ಎಂಬ ರೂಪದರ್ಶಿ ಅದಕ್ಕೆ ನಿಂತಿದ್ದ. ಗುಲಾಮರ ವ್ಯಾಪಾರ ಕದ್ದುಮುಚ್ಚಿ ನಡೆಯುತ್ತಲೇ ಇದ್ದ ಕಾಲದಲ್ಲಿ, ಇತಿಹಾಸ ಚಿತ್ರದಲ್ಲಿ ಸೇನಾಪತಿ ನಿಲ್ಲಬೇಕಾದ ಜಾಗಕ್ಕೆ ಜೆರಿಕೋ ಅವನನ್ನು ಹತ್ತಿಸಿದ.

1819ರ ಸಲೋನಿನಲ್ಲಿ ಚಿತ್ರಕ್ಕೆ ಸಿಕ್ಕ ಹೆಸರು ಬರೀ 'ಹಡಗು ಒಡೆದ ದೃಶ್ಯ'. ಯಾವ ಹಡಗು ಎಂದು ಎಲ್ಲರಿಗೂ ಗೊತ್ತಿತ್ತು. ಮಾರಾಟವಾಗಲಿಲ್ಲ. 1820ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲಿನಲ್ಲಿ ಟಿಕೆಟ್ಟು ಇಟ್ಟು ತೋರಿಸಿದರು. ಸಲೋನಿನಲ್ಲಿ ಎತ್ತರದಲ್ಲಿದ್ದ ಚಿತ್ರವನ್ನು ಇಲ್ಲಿ ನೆಲಕ್ಕೆ ಹತ್ತಿರವಾಗಿ ಇಳಿಸಿದರು, ನೋಡುವವರು ಒಂದು ಹೆಜ್ಜೆ ಇಟ್ಟರೆ ತೆಪ್ಪದೊಳಗೇ. ನಲವತ್ತು ಸಾವಿರದಷ್ಟು ಜನ ಬಂದರು. ಜೆರಿಕೋ 1824ರ ಜನವರಿಯಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೆರಡು. ಆ ವರ್ಷದ ಹರಾಜಿನಲ್ಲಿ ಚಿತ್ರವನ್ನು ತುಂಡು ಮಾಡಿ ಮಾರುವ ಮಾತೂ ಬಂದಿತ್ತು. ಗೆಳೆಯ ದೆದ್ರೋ ದೋರ್ಸಿ 6005 ಫ್ರಾಂಕಿಗೆ ಹಿಡಿದು ಲೂವ್ರ್‌ಗೆ ಉಳಿಸಿಕೊಟ್ಟ.

ಆ ತೆಪ್ಪದ ಮೇಲೆ ಮುಖ ಕೆಳಗಾಗಿ ಬಿದ್ದಿರುವ ಒಬ್ಬ ತರುಣನಿಗೆ ರೂಪದರ್ಶಿಯಾಗಿ ಮಲಗಿದವನು ಯುಜೀನ್ ದೆಲಕ್ರ್ವಾ. ಮುಂದೆ ರೊಮ್ಯಾಂಟಿಕ್ ಚಿತ್ರಕಾರರ ಮುಂದಾಳು ಎನಿಸಿಕೊಂಡವನು ಇವನೇ. ಇವನಿಗೂ ದಾವಿದ್‌ನ ಶಿಷ್ಯ ಆಂಗ್ರನಿಗೂ ನಡೆದ ಬಣ್ಣ ಮತ್ತು ಗೆರೆಯ ಜಗಳವನ್ನು ಪುಸ್ತಕಗಳು ಪುಟಗಟ್ಟಲೆ ಹೇಳುತ್ತವೆ, ನಾನು ಹೇಳಲು ಹೋಗುವುದಿಲ್ಲ. 1830ರ ಜುಲೈಯಲ್ಲಿ ಪ್ಯಾರಿಸಿನ ಜನ ಮೂರು ದಿನ ಬೀದಿಗಿಳಿದು ದೊರೆ ಹತ್ತನೆಯ ಶಾರ್ಲನನ್ನು ಓಡಿಸಿದರು. ದೆಲಕ್ರ್ವಾ ಅದೇ ವರ್ಷ 'ಜನರನ್ನು ಮುನ್ನಡೆಸುವ ಸ್ವಾತಂತ್ರ್ಯ' ಬರೆದ. ಎಂಟೂವರೆ ಅಡಿ ಎತ್ತರ. ಬಾವುಟ ಹಿಡಿದ ಹೆಣ್ಣು ಗ್ರೀಕ್ ದೇವತೆಯ ಮೈಕಟ್ಟಿನವಳು, ಆದರೆ ಬರಿಗಾಲಲ್ಲಿ ಹೆಣಗಳನ್ನು ದಾಟಿ ಬರುತ್ತಿದ್ದಾಳೆ. ಮುಂದೆ ಬಿದ್ದವನ ಮೈಮೇಲೆ ಉಳಿದಿರುವುದು ಒಂದು ಅಂಗಿ, ಒಂದು ಕಾಲುಚೀಲ. ಪಕ್ಕದಲ್ಲಿ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದ ಬೀದಿ ಹುಡುಗ. ಹೊಸ ಸರ್ಕಾರ ಮೂರು ಸಾವಿರ ಫ್ರಾಂಕು ಕೊಟ್ಟು ಕೊಂಡಿತು, ಸ್ವಲ್ಪ ದಿನ ತೋರಿಸಿತು, ಜನ ಮತ್ತೆ ಕೆರಳಿಯಾರು ಎಂದು ಒಳಗಿಟ್ಟಿತು. ಲೂವ್ರ್‌ನ ಗೋಡೆಗೆ ಅದು ಬಂದದ್ದು 1874ರಲ್ಲಿ. ಚಿತ್ರದಲ್ಲಿ ದುಡಿಯುವ ಜನ ದೊಡ್ಡವರಾಗಿ ನಿಂತರೆ ಅಧಿಕಾರದವರಿಗೆ ಏನಾಗುತ್ತದೆ ಎಂಬುದಕ್ಕೆ ಆ ನಲವತ್ತಮೂರು ವರ್ಷವೇ ಸಾಕ್ಷಿ.

ಆದರೂ ದೆಲಕ್ರ್ವಾನ ಜನಕ್ಕೆ ದಾರಿ ತೋರಲು ಒಬ್ಬಳು ದೇವತೆ ಬೇಕಾಗಿದ್ದಳು. ಆ ದೇವತೆಯನ್ನೂ ಕೈಬಿಟ್ಟವನು ಗುಸ್ತಾವ್ ಕೂರ್ಬೆ.

ಕೂರ್ಬೆ ಹುಟ್ಟಿದ್ದು 1819ರಲ್ಲಿ, ಸ್ವಿಟ್ಜರ್ಲೆಂಡಿನ ಗಡಿ ಸೀಮೆಯ ಒರ್ನಾಂ ಎಂಬ ಊರಿನಲ್ಲಿ, ಉಳ್ಳ ರೈತರ ಮನೆಯಲ್ಲಿ. 1849ರ ಸಲೋನಿನಲ್ಲಿ ಅವನ ಒಂದು ಚಿತ್ರಕ್ಕೆ ಪದಕ ಬಂತು. ಪದಕ ಬಂದವರು ಮುಂದಿನ ಸಲೋನಿಗೆ ಆಯ್ಕೆ ಸಮಿತಿಯ ಮುಂದೆ ಹೋಗಬೇಕಿಲ್ಲ ಎಂಬ ನಿಯಮವಿತ್ತು. ಈ ಒಂದು ನಿಯಮ ಇರದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲವೇನೋ. ಕೂರ್ಬೆ ಊರಿಗೆ ಹೋಗಿ ಎರಡು ದೊಡ್ಡ ಚಿತ್ರಗಳನ್ನು ಬರೆದ.

ಮೊದಲನೆಯದು 'ಜಲ್ಲಿ ಒಡೆಯುವವರು'. ರಸ್ತೆಬದಿಯಲ್ಲಿ ಕಂಡ ಇಬ್ಬರನ್ನು ಕರೆಸಿ ಬರೆದದ್ದು. ಮುದುಕ ಒಂದು ಮಂಡಿಯೂರಿ ಸುತ್ತಿಗೆ ಎತ್ತಿದ್ದಾನೆ, ಮಂಡಿಯ ಕೆಳಗೆ ಒಂದಿಷ್ಟು ಹುಲ್ಲು. ಕಾಲಿಗೆ ಮರದ ಮೆಟ್ಟು, ಕಾಲುಚೀಲದ ಹಿಮ್ಮಡಿ ಹರಿದಿದೆ. ಹುಡುಗ ಕಲ್ಲಿನ ಬುಟ್ಟಿಯನ್ನು ತೊಡೆಗೆ ಆನಿಸಿ ಎತ್ತುತ್ತಿದ್ದಾನೆ, ಅಂಗಿ ಹರಿದು ಬೆನ್ನು ಕಾಣುತ್ತದೆ. ಮೂಲೆಯಲ್ಲಿ ಊಟದ ಪಾತ್ರೆ. ಇಬ್ಬರ ಮುಖವೂ ನಮಗೆ ಕಾಣುವುದಿಲ್ಲ. ಕರುಣೆ ತೋರಿ ಎಂದು ಚಿತ್ರ ಕೇಳುವುದಿಲ್ಲ, ಕೆಲಸ ಹೇಗೆ ನಡೆಯುತ್ತದೆ ಎಂದಷ್ಟೇ ತೋರಿಸುತ್ತದೆ. ಅಳತೆ ಐದೂವರೆ ಅಡಿಗೆ ಎಂಟೂವರೆ ಅಡಿ. ಜಲ್ಲಿ ಒಡೆಯುವವರಿಗೆ! ಈ ಚಿತ್ರವನ್ನು ಈಗ ಯಾರೂ ನೋಡಲಾರರು. 1945ರ ಫೆಬ್ರವರಿಯಲ್ಲಿ ಡ್ರೆಸ್ಡನ್ ಮೇಲೆ ಬಾಂಬು ಬಿದ್ದಾಗ ಸುಟ್ಟುಹೋಯಿತು. ನಮಗೆ ಉಳಿದಿರುವುದು ಛಾಯಾಚಿತ್ರಗಳು.

ಎರಡನೆಯದು 'ಒರ್ನಾಂನಲ್ಲಿ ಒಂದು ಶವಸಂಸ್ಕಾರ'. ಹತ್ತಡಿ ಎತ್ತರ, ಇಪ್ಪತ್ತೆರಡಡಿ ಅಗಲ. ಇದಕ್ಕಾಗಿ ಅಪ್ಪ ಹೊಂದಿಸಿಕೊಟ್ಟ ಜಾಗ ಹಳೆಯ ಮನೆಯ ಇಕ್ಕಟ್ಟಾದ ಅಟ್ಟ. ದೂರ ಹೋಗಿ ನೋಡಲು ಅಲ್ಲಿ ಸ್ಥಳವೇ ಇರಲಿಲ್ಲ. ಊರಿನವರು ಒಬ್ಬೊಬ್ಬರಾಗಿ ಬಂದು ನಿಂತರು. ಮೇಯರ್, ಪಾದ್ರಿ, ಗುಂಡಿ ತೋಡುವವನು, ಕೂರ್ಬೆಯ ಅಪ್ಪ, ಅಮ್ಮ, ತಂಗಿಯರು. ನಮ್ಮನ್ನೂ ಹಾಕು ಎಂದು ಕೇಳದವರಿಲ್ಲ. ಆಗಲೇ ತೀರಿಕೊಂಡಿದ್ದ ತಾಯಿಯ ಅಪ್ಪನೂ ಎಡತುದಿಯಲ್ಲಿದ್ದಾನೆ. ನಲವತ್ತಕ್ಕೂ ಹೆಚ್ಚು ಜನ, ಎಲ್ಲರೂ ಆಳೆತ್ತರ, ಎಲ್ಲರ ತಲೆಯೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ. ಈಗ ಪ್ಯಾರಿಸಿನ ಒರ್ಸೇ ಮ್ಯೂಸಿಯಮ್ಮಿನಲ್ಲಿರುವ ಈ ಚಿತ್ರದೆದುರು ನಿಂತಾಗ ಮೊದಲು ಗಮನಕ್ಕೆ ಬಂದದ್ದು ಗುಂಡಿ. ಕೆಳಗಿನ ಚೌಕಟ್ಟು ಅದನ್ನು ಅರ್ಧಕ್ಕೆ ಕತ್ತರಿಸಿದೆ, ಉಳಿದರ್ಧ ನಮ್ಮ ಕಾಲ ಬುಡದಲ್ಲಿದೆ. ಆ ಸಾಲಿನ ಎದುರು ಸಾಲು ನಾವು. ಎಡಗಡೆ ಹೆಣ ಹೊತ್ತವರು ಮುಖ ಆಚೆ ತಿರುಗಿಸಿದ್ದಾರೆ. ಕೆಂಪು ನಿಲುವಂಗಿ ತೊಟ್ಟ ಚರ್ಚಿನ ಇಬ್ಬರು ಸೇವಕರ ಮೂಗೂ ಕೆಂಪು. ಹೆಂಗಸರ ಕೈಯಲ್ಲಿ ಬಿಳಿ ಕರವಸ್ತ್ರ. ಒಂದು ಬಿಳಿ ನಾಯಿ ಎತ್ತಲೋ ನೋಡುತ್ತಿದೆ. ಯಾರ ಮುಖದಲ್ಲೂ ಸ್ವರ್ಗ ಕಂಡ ಬೆಳಕಿಲ್ಲ. ಮಣ್ಣಿಗೆ ಹೋದಾಗ ನಮ್ಮೂರಿನ ಜನ ಹೇಗೆ ನಿಲ್ಲುತ್ತಾರೋ ಹಾಗೆ ನಿಂತಿದ್ದಾರೆ, ಕೆಲವರು ಅಳುತ್ತ, ಕೆಲವರು ಬೇರೇನೋ ಯೋಚಿಸುತ್ತ, ಕೆಲವರು ಯಾವಾಗ ಮುಗಿಯುತ್ತದೋ ಎನ್ನುತ್ತ. ಹತ್ತಿರ ಹೋದರೆ ಆ ಕಪ್ಪು ಬಟ್ಟೆಗಳಲ್ಲಿ ಎಷ್ಟೊಂದು ಕಪ್ಪುಗಳಿವೆ ಎಂದು ಕಾಣುತ್ತದೆ. ಕಂದಿನ ಕಡೆಗೆ ಹೋಗುವ ಕಪ್ಪು, ನೀಲಿಯ ಕಡೆಗೆ ಹೋಗುವ ಕಪ್ಪು, ಹಳೆಯದಾಗಿ ಬೆಳ್ಳಗಾದ ಕಪ್ಪು.

ಸತ್ತವರು ಯಾರೆಂದು ಚಿತ್ರ ಹೇಳುವುದಿಲ್ಲ. ದೊರೆಯಲ್ಲ, ವೀರನಲ್ಲ, ಊರಿನವರು ಯಾರೋ. ಆದರೂ ಕೂರ್ಬೆ ಸಲೋನಿಗೆ ಕೊಟ್ಟ ಪೂರ್ತಿ ಹೆಸರಿನಲ್ಲಿ ಇದನ್ನು ಐತಿಹಾಸಿಕ ಚಿತ್ರ ಎಂದೇ ಕರೆದಿದ್ದ. 1850ರ ಡಿಸೆಂಬರ್ 30ರಂದು ಸಲೋನ್ ತೆರೆದಾಗ ಪ್ಯಾರಿಸು ಸಿಡಿದೆದ್ದಿತು. ಇಷ್ಟು ಕುರೂಪಿಗಳನ್ನು ಇಷ್ಟು ದೊಡ್ಡದಾಗಿ ಏಕೆ ಬರೆಯಬೇಕಿತ್ತು ಎಂಬುದೇ ದೂರು. ಆ ಸಿಟ್ಟಿನ ಹಿಂದೆ ಭಯವಿತ್ತು ಎಂದು ನನಗನಿಸುತ್ತದೆ. 1848ರ ಕ್ರಾಂತಿ ವಯಸ್ಕ ಗಂಡಸರೆಲ್ಲರಿಗೂ ಮತ ಕೊಟ್ಟಿತ್ತು. ಎರಡೂವರೆ ಲಕ್ಷದಷ್ಟಿದ್ದ ಮತದಾರರು ಒಮ್ಮೆಲೇ ತೊಂಬತ್ತು ಲಕ್ಷ ಮೀರಿದ್ದರು. ಅವರಲ್ಲಿ ಹೆಚ್ಚಿನವರು ಒರ್ನಾಂನಂಥ ಊರುಗಳವರು. ನಗರದ ಜನ ಹಳ್ಳಿಯವರನ್ನು ಅಂಗೈಯಗಲದ ಚಿತ್ರದಲ್ಲಿ ಕುಣಿಯುವವರಾಗಿ ನೋಡಿ ಮೆಚ್ಚಿದ್ದರು. ಈಗ ಆ ಹಳ್ಳಿಯವರು ನೋಡುವವರಷ್ಟೇ ಎತ್ತರವಾಗಿ, ಕಪ್ಪು ಕೋಟು ತೊಟ್ಟು, ಎದುರು ಸಾಲಾಗಿ ನಿಂತಿದ್ದರು.

ದೊಡ್ಡ ಬಟ್ಟೆಯೊಂದೇ ಇದನ್ನೆಲ್ಲ ಮಾಡಿತು ಎಂದು ನಾನು ಹಟ ಹಿಡಿಯುವುದಿಲ್ಲ, ಏಕೆಂದರೆ ಮಿಲೆ ಇದ್ದಾನೆ. ನಾರ್ಮಂಡಿಯ ರೈತನ ಮಗ ಝಾಂ ಫ್ರಾಂಸ್ವಾ ಮಿಲೆ 1857ರಲ್ಲಿ ತೋರಿಸಿದ ಚಿತ್ರ ಮೂರೂವರೆ ಅಡಿ ಅಗಲ ಮಾತ್ರ. ಕುಯ್ಲಾದ ಹೊಲದಲ್ಲಿ ಮೂವರು ಹೆಂಗಸರು ಹಕ್ಕಲು ಆಯುತ್ತಿದ್ದಾರೆ. ದೂರದಲ್ಲಿ ಒಡೆಯನ ಬಣವೆಗಳು, ಕುದುರೆಯ ಮೇಲೆ ಮೇಲ್ವಿಚಾರಕ. ಇವರ ಕೈಯಲ್ಲಿ ನಾಲ್ಕಾರು ತೆನೆ. ಬಾಗಿದ ಆ ಬೆನ್ನುಗಳನ್ನು ಚಿಕ್ಕ ಬಟ್ಟೆಯಲ್ಲೂ ಮಿಲೆ ಕಲ್ಲಿನ ವಿಗ್ರಹಗಳಷ್ಟು ಭಾರವಾಗಿ ಕೂರಿಸಿದ. ಆ ಹಕ್ಕಲು ಆಯುವವರ ಹಿಂದೆ 1793ರ ತಲೆ ತೆಗೆಯುವ ಕಟ್ಟೆಗಳು ಕಂಡವು ಎಂದು ಒಬ್ಬ ವಿಮರ್ಶಕ ಬರೆದ. ನಮ್ಮ ಬಿಳಿಜೋಳದ ಹೊಲಗಳಲ್ಲಿ ಹಕ್ಕಲು ಆಯುವವರನ್ನು ಕಂಡವರಿಗೆ ಮಿಲೆಯ ಚಿತ್ರ ಅರ್ಥ ಮಾಡಿಕೊಳ್ಳಲು ಯಾವ ಪಾಠವೂ ಬೇಡ.

ಇನ್ನೊಬ್ಬಾಕೆಯ ಹೆಸರು ನಮ್ಮ ನೋಟ್ಸುಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ರೋಸಾ ಬೊನ್ಹರ್. ಹೆಣ್ಣುಮಕ್ಕಳಿಗೆ ಪ್ಯಾರಿಸಿನ ಸರ್ಕಾರಿ ಕಲಾಶಾಲೆ ಬಾಗಿಲು ತೆರೆದದ್ದು 1897ರಲ್ಲಿ. ಬತ್ತಲೆ ಮೈ ನೋಡಿ ಬರೆಯುವ ತರಗತಿ ಇಲ್ಲದಿದ್ದರೆ ಇತಿಹಾಸ ಚಿತ್ರ ಕೈಗೆಟುಕುವುದಿಲ್ಲ. ಹಾಗಾಗಿ ಆಕೆ ಪ್ರಾಣಿಗಳನ್ನೇ ಚಿತ್ರದ ವಿಷಯವಾಗಿ ಹಿಡಿದಳು. ಗಂಡಸರ ಉಡುಪು ತೊಟ್ಟು ಕುದುರೆ ಸಂತೆಗೆ ಹೋಗಿ ಬರೆದುಕೊಂಡಳು. ಹೆಂಗಸರು ಷರಾಯಿ ತೊಡಲು ಆಗ ಪೊಲೀಸರ ಅನುಮತಿ ಪತ್ರ ಬೇಕಿತ್ತು, ಆರು ತಿಂಗಳಿಗೊಮ್ಮೆ ನವೀಕರಿಸಬೇಕಿತ್ತು. ಆಕೆ ಅದನ್ನೂ ಮಾಡಿಸಿದಳು. 1853ರಲ್ಲಿ ತೋರಿಸಿದ 'ಕುದುರೆ ಸಂತೆ' ಎಂಟಡಿ ಎತ್ತರ, ಹದಿನಾರೂವರೆ ಅಡಿ ಅಗಲ. ನಿಲ್ಲದೆ ಕೆನೆಯುವ ಆ ಕುದುರೆಗಳಿಗೆ ಸೇನಾಪತಿಗಳ ಜಾಗ ಸಿಕ್ಕಿತು. ಅದೀಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ.

1855ರಲ್ಲಿ ಪ್ಯಾರಿಸಿನಲ್ಲಿ ವಿಶ್ವ ಪ್ರದರ್ಶನ ನಡೆಯಿತು. ಆಯ್ಕೆ ಸಮಿತಿ ಕೂರ್ಬೆಯ ಕೆಲವು ಚಿತ್ರಗಳನ್ನು ಒಪ್ಪಿತು, 'ಶವಸಂಸ್ಕಾರ'ವನ್ನೂ ಹೊಸದಾಗಿ ಬರೆದಿದ್ದ ಹತ್ತೊಂಬತ್ತೂವರೆ ಅಡಿ ಅಗಲದ 'ಚಿತ್ರಕಾರನ ಕೋಣೆ'ಯನ್ನೂ ತಳ್ಳಿಹಾಕಿತು. ಕೂರ್ಬೆ ಪ್ರದರ್ಶನದ ಮಗ್ಗುಲಲ್ಲೇ ತನ್ನ ಖರ್ಚಿನಲ್ಲಿ ಚಪ್ಪರ ಕಟ್ಟಿ, ರಿಯಲಿಸಂ ಎಂದು ಬೋರ್ಡು ಹಾಕಿ, ನಲವತ್ತು ಚಿತ್ರಗಳನ್ನಿಟ್ಟು, ಒಂದು ಫ್ರಾಂಕಿನ ಟಿಕೆಟ್ಟು ಇಟ್ಟ. ಜನ ಅಷ್ಟಾಗಿ ಬರಲಿಲ್ಲ, ಟಿಕೆಟ್ಟು ಅರ್ಧಕ್ಕಿಳಿಯಿತು. ಒಂದು ದಿನ ಅಲ್ಲಿಗೆ ಐವತ್ತೇಳರ ದೆಲಕ್ರ್ವಾ ಬಂದ. ಕೂರ್ಬೆಯ ವಿಷಯಗಳು ಅವನಿಗೆ ಹಿಡಿಸುತ್ತಿರಲಿಲ್ಲ. ಆದರೂ ಹೆಚ್ಚುಕಡಿಮೆ ಒಂದು ತಾಸು ಒಬ್ಬನೇ ಇದ್ದು ನೋಡಿದ. ಕಾಲದ ಅತ್ಯಂತ ವಿಶಿಷ್ಟ ಕೃತಿಗಳಲ್ಲೊಂದನ್ನು ಸಮಿತಿಯವರು ನಿರಾಕರಿಸಿದ್ದಾರೆ ಎಂಬ ಅರ್ಥದಲ್ಲಿ ದಿನಚರಿಯಲ್ಲಿ ಬರೆದುಕೊಂಡ. ಜೆರಿಕೋನ ತೆಪ್ಪದ ಮೇಲೆ ಹೆಣವಾಗಿ ಮಲಗಿದ್ದವನು ಕೂರ್ಬೆಯ ಚಪ್ಪರದಲ್ಲಿ ಆ ಒಂದು ತಾಸು ಕಳೆದ ಎನ್ನುವುದು ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಪ್ರಿಯವಾದ ಸಂಗತಿ.

ಕೂರ್ಬೆಯ ಕೊನೆ ಕಷ್ಟದ್ದು. 1871ರ ಪ್ಯಾರಿಸ್ ಕಮ್ಯೂನ್ ಕಾಲದಲ್ಲಿ ನೆಪೋಲಿಯನ್ನನ ವಾಂದೋಮ್ ಸ್ತಂಭ ಉರುಳಿತು. ಹೊಣೆ ಅವನ ತಲೆಗೆ ಬಂತು. ಆರು ತಿಂಗಳು ಸೆರೆಮನೆ, ಆಮೇಲೆ ಸ್ತಂಭ ಮತ್ತೆ ನಿಲ್ಲಿಸುವ ಖರ್ಚೆಂದು ಮೂರು ಲಕ್ಷ ಫ್ರಾಂಕು ಮೀರಿದ ಬಿಲ್ಲು. ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದವನು 1877ರ ಡಿಸೆಂಬರ್ 31ರಂದು ಅಲ್ಲೇ ತೀರಿಕೊಂಡ. ಮೊದಲ ಕಂತು ಕಟ್ಟಬೇಕಿದ್ದದ್ದು ಮರುದಿನ. 'ಶವಸಂಸ್ಕಾರ'ವನ್ನು ತಂಗಿ ಜೂಲಿಯೆತ್ 1881ರಲ್ಲಿ ದೇಶಕ್ಕೆ ದಾನ ಕೊಟ್ಟಳು.

ನಮ್ಮಲ್ಲಿ ಕಲೆಯ ಪಠ್ಯಪುಸ್ತಕ ಮಾಡುವವರಲ್ಲಿ, ಪಾಠ ಹೇಳುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಪುಸ್ತಕದಲ್ಲಿ ಹೊರೇಷಿಗಳ ಪ್ರತಿಜ್ಞೆ, ಮೆದೂಸಾದ ತೆಪ್ಪ, ಒರ್ನಾಂನ ಶವಸಂಸ್ಕಾರ, ಮಿಲೆಯ ಹಕ್ಕಲು ಆಯುವವರು ಎಲ್ಲವೂ ಮೂರು ಇಂಚಿನ ಚೌಕದಲ್ಲಿ ಒಂದೇ ಸಮ ಅಚ್ಚಾಗುತ್ತವೆ. ಚಿತ್ರಕಾರನ ಹೆಸರು, ಇಸವಿ ಇರುತ್ತದೆ, ಅಳತೆ ಇರುವುದಿಲ್ಲ. ದಯವಿಟ್ಟು ಪ್ರತಿ ಚಿತ್ರದ ಕೆಳಗೆ ಎಷ್ಟು ಅಡಿ ಎತ್ತರ, ಎಷ್ಟು ಅಡಿ ಅಗಲ ಎಂದು ಅಚ್ಚು ಹಾಕಿ. ತರಗತಿಯವರು ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳನ್ನು ಶಾಲೆಯ ಅಂಗಳಕ್ಕೆ ಕರೆದುಕೊಂಡು ಹೋಗಿ, ಸುಣ್ಣದ ಪುಡಿಯಲ್ಲಿ ಇಪ್ಪತ್ತೆರಡು ಅಡಿಗೆ ಹತ್ತಡಿ ಗೆರೆ ಎಳೆದು, ಅದರೊಳಗೆ ಸಾಲಾಗಿ ನಿಲ್ಲಿಸಿ. ಸಲೋನ್, ಅಕಾಡೆಮಿ, ರಿಯಲಿಸಂ ಎಂಬ ಪಾಠವನ್ನು ಆಮೇಲೆ ಶುರು ಮಾಡಿ.